ಎಸ್‌ಆರ್‌ಎಫ್ ಮೆಸೇಜ್ ಬರೋ ತನಕ ಸ್ವಾಬ್ ಹುಡುಗನ್ನ ಗೇಟ್ ದಾಟಿ ಹೊರಗೆ ಹೋಗೋಕೆ ಬಿಡ್ಬೇಡಿ

ಇದು 2021ರಲ್ಲಿ, ಕೊರೊನಾ ಎರಡನೇ ಅಲೆ ಹೊತ್ತಲ್ಲಿ ಬರೆದಿದ್ದು; ಇದರಲ್ಲಿರೋ ರೇಟು, ಫೋನ್ ನಂಬರು, ವೆಬ್‌ಸೈಟು, ನಿಯಮ ಎಲ್ಲ ಆಗಿನದ್ದು. ಬೆಂಗಳೂರಲ್ಲಿ ಮನೆಗೇ ಬಂದು ಕೊರೊನಾ ಟೆಸ್ಟಿಗೆ (ಆರ್‌ಟಿಪಿಸಿಆರ್) ಸ್ಯಾಂಪಲ್ ತಗೊಳ್ತೀವಿ ಅಂತ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡ್ತಿರೋ ನಂಬರ್‌ಗಳಿಗೆ ಫೋನ್ ಮಾಡೋ ಮುಂಚೆ ದಯವಿಟ್ಟು ಇದನ್ನ ಓದಿ. ಎಸ್‌ಆರ್‌ಎಫ್ ಅಂದ್ರೆ ಸ್ಯಾಂಪಲ್ ತಗೊಂಡಿದ್ದು ಸರ್ಕಾರದ ಸಿಸ್ಟಮ್ಮಿಗೆ ಸೇರಿದಾಗ ನಮ್ಮ ಫೋನಿಗೆ ಮೆಸೇಜಲ್ಲಿ ಬರೋ ನಂಬರ್. ನಮ್ಮಪ್ಪ ಅಮ್ಮಂಗೆ ಟೆಸ್ಟೇ ಮಾಡದೆ ನೆಗೆಟಿವ್ ರಿಪೋರ್ಟ್ ಕೊಟ್ಟು ಹೋಗಿದ್ದಾನೆ ಒಬ್ಬ. ದುಡ್ಡು ಹೋಗಿದ್ದು ಬಿಡಿ, ಆ ಸುಳ್ಳು ನೆಗೆಟಿವ್‌ನಿಂದ ಮನೇಲಿ ಏನಾಯ್ತು ಅನ್ನೋದು ಮುಖ್ಯ.

2021ರ ಏಪ್ರಿಲ್ ಮೂರನೇ ವಾರ. ಅಪ್ಪಂಗೆ ಜ್ವರ, ಮೈಕೈ ನೋವು, ಬೆಳಗ್ಗೆ ಕಾಫಿ ಕುಡೀತಾ ವಾಸನೇನೇ ಬರ್ತಿಲ್ವಲ್ಲಮ್ಮ ಅಂದ್ರು. ಅಪ್ಪಂಗೆ 64, ಶುಗರ್ ಬೇರೆ ಇದೆ. ಬಸವೇಶ್ವರನಗರದ ನಮ್ಮ ಮನೆ ಹತ್ರದ ಸರ್ಕಾರಿ ಆರೋಗ್ಯ ಕೇಂದ್ರ (ಪಿಎಚ್‌ಸಿ) ಮುಂದೆ ಕ್ಯೂ ರಸ್ತೆ ತಿರುವಿನ ತನಕ ಇತ್ತು, ಆ ಬಿಸಿಲಲ್ಲಿ ಅವರನ್ನ ನಿಲ್ಲಿಸೋದು ಹೇಗೆ. ದೊಡ್ಡ ಲ್ಯಾಬ್‌ಗಳಿಗೆ ಫೋನ್ ಮಾಡಿದ್ರೆ ಹೋಮ್ ಕಲೆಕ್ಷನ್ ಸ್ಲಾಟ್ ಇಲ್ಲ, ಅಥವಾ ಫೋನೇ ಎತ್ತಲ್ಲ. ಆಗ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಂದು ನಂಬರ್ ಬಂತು, "ಹೋಮ್ ಸ್ವಾಬ್, 24 ಗಂಟೇಲಿ ರಿಪೋರ್ಟ್" ಅಂತ, ಜೊತೆಗೆ ಎಲ್ರಿಗೂ ಗೊತ್ತಿರೋ ಲ್ಯಾಬ್ ಒಂದರ ಲೋಗೋ. ಆಗ ಸರ್ಕಾರ ಫಿಕ್ಸ್ ಮಾಡಿದ್ದ ರೇಟು ಲ್ಯಾಬಿಗೆ ಹೋದ್ರೆ 800, ಮನೆಗೆ ಬಂದ್ರೆ 1200. ಇವನು ಒಬ್ಬೊಬ್ಬರಿಗೆ 1800 ಕೇಳಿದ. "ಪಿಪಿಇ ಕಿಟ್ ಇದೆಯಲ್ಲ ಮೇಡಂ, ಪೆಟ್ರೋಲ್ ಇದೆ, ರಿಸ್ಕ್ ನಮ್ದು" ಅಂದ. ಆ ಹೊತ್ತಲ್ಲಿ ಯಾರು ಚೌಕಾಸಿ ಮಾಡ್ತಾರೆ ಹೇಳಿ, ಬೇಗ ಬನ್ನಿ ಅಣ್ಣ ಸಾಕು ಅಂದೆ.

ಸಂಜೆ ಬೈಕಲ್ಲಿ ಒಬ್ಬ ಹುಡುಗ ಬಂದ. ಕಿಟ್ ಅಂತ ಹಾಕಿದ್ದು ಬರೀ ಪ್ಲಾಸ್ಟಿಕ್ ಏಪ್ರನ್. ಮುಂಚೆ ಆಫೀಸಲ್ಲಿ ನಂಗೆ ಸ್ವಾಬ್ ತಗೊಂಡಾಗ ಕಣ್ಣಲ್ಲಿ ನೀರು ಬರೋ ಹಾಗೆ ಮೂಗಿನ ಒಳಗೆ ಹಾಕಿದ್ರು, ಗಂಟಲಿಂದನೂ ತೆಗೆದಿದ್ರು, ಆಮೇಲೆ ಆ ಕಡ್ಡೀನ ಪಿಂಕ್ ಬಣ್ಣದ ದ್ರವ ಇರೋ ಟ್ಯೂಬಲ್ಲಿ ಮುರಿದು ಹಾಕಿ ಐಸ್ ಬಾಕ್ಸಲ್ಲಿ ಇಟ್ಟಿದ್ರು. ಇವನು ಮೂಗಿನ ತುದೀಲಿ ಕಡ್ಡಿ ಸವರಿ ತೆಗೆದು ಒಣ ಟ್ಯೂಬಿಗೆ ಹಾಕಿ ಮುಚ್ಚಳ ಹಾಕಿದ. ಐಸ್ ಬಾಕ್ಸ್ ಇಲ್ಲ, ಬೆನ್ನಿನ ಬ್ಯಾಗಿಗೇ ಹಾಕ್ಕೊಂಡ. ಟ್ಯೂಬಿನ ಮೇಲೆ ಹೆಸರೂ ಬರೀಲಿಲ್ಲ. ಕೇಳಿದ್ದಕ್ಕೆ "ಆಫೀಸಲ್ಲಿ ಬರೀತಾರೆ ಮೇಡಂ" ಅಂದ. ಫೋನಿಗೆ ಓಟಿಪಿ ಬರುತ್ತಲ್ವಾ, ಎಸ್‌ಆರ್‌ಎಫ್ ನಂಬರ್ ಬರುತ್ತಲ್ವಾ ಅಂದ್ರೆ "ಐಸಿಎಂಆರ್ ಸರ್ವರ್ ಡೌನ್ ಇದೆ, ರಾತ್ರಿ ಬರುತ್ತೆ" ಅಂದ. ಯುಪಿಐ ಮಾಡೋಕೆ ಹೋದ್ರೆ ಅಲ್ಲಿ ಲ್ಯಾಬ್ ಹೆಸರೇ ಇಲ್ಲ, ಯಾವುದೋ ಮೊಬೈಲ್ ಅಂಗಡಿ ಹೆಸರು. ಅದಕ್ಕೂ ಉತ್ತರ ರೆಡಿ ಇತ್ತು, "ನಮ್ಮ ಅಕೌಂಟ್ ಲಿಮಿಟ್ ಮುಗಿದಿದೆ ಮೇಡಂ ಇವತ್ತು."

ರಾತ್ರಿ ಮೆಸೇಜ್ ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ವಾಟ್ಸಾಪಲ್ಲಿ ಪಿಡಿಎಫ್ ಬಂತು, ಇಬ್ಬರಿಗೂ ನೆಗೆಟಿವ್. ಊರಲ್ಲೆಲ್ಲ ರಿಪೋರ್ಟಿಗೆ ನಾಲ್ಕೈದು ದಿನ ಕಾಯ್ತಿದ್ದಾಗ ನಮಗೆ ಇಷ್ಟು ಬೇಗ! ಎಸ್‌ಆರ್‌ಎಫ್ ಮೆಸೇಜ್ ಇನ್ನೂ ಬಂದಿಲ್ವಲ್ಲ ಅಣ್ಣ ಅಂತ ಕೇಳಿದ್ರೆ ಆ ನಂಬರಿನವನ ಉತ್ತರ ನೋಡಿ: "ನೆಗೆಟಿವ್ ಬಂದಿದೆಯಲ್ಲ ಮೇಡಂ, ಇನ್ನೇನು ಬೇಕು ನಿಮಗೆ? ಖುಷಿಯಾಗಿರಿ."

ಖುಷಿಯಾಗಿರಿ ಅಂತೆ. ಆ ಮಾತು ಈಗ್ಲೂ ಕಿವೀಲಿ ಇದೆ, ಈಗ್ಲೂ ಮೈ ಉರಿಯುತ್ತೆ.

ಅಪ್ಪ ರೂಮಿಂದ ಈಚೆ ಬಂದ್ರು. ಅಮ್ಮ ಮುಟ್ಟಿ ಹಣೆ ನೋಡಿದ್ರು, ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ್ರು, ಅತ್ತೆ ಬಂದು ಮಾತಾಡಿಸ್ಕೊಂಡು ಹೋದ್ರು. ಟೈಫಾಯ್ಡ್ ಇರಬಹುದು ಅಂತ ಬರೀ ಡೋಲೋ ಮೇಲೆ ದಿನ ತಳ್ಳಿದ್ವಿ. ಆಮೇಲೆ ಒಂದು ಬೆಳಗ್ಗೆ ಆಕ್ಸಿಮೀಟರಲ್ಲಿ 89 ತೋರಿಸ್ತು. ಬೆರಳು ಬದಲಾಯಿಸಿ ನೋಡಿದ್ವಿ, ಬೆರಳು ಉಜ್ಜಿ ನೋಡಿದ್ವಿ, 90 ದಾಟಲಿಲ್ಲ. ಅಮ್ಮಂಗೆ ಅಷ್ಟೊತ್ತಿಗೆ ಕೆಮ್ಮು ಶುರು.

ಆಗ ಕೋವಿಡ್ ಬೆಡ್ ಕೇಳೋಕೆ ಇದ್ದ 1912ಕ್ಕೆ ಫೋನ್ ಮಾಡಿದ್ರೆ ಬಿಯು ನಂಬರ್, ಅಂದ್ರೆ ಬೆಂಗಳೂರಲ್ಲಿ ಪಾಸಿಟಿವ್ ಆದೋರಿಗೆ ಕೊಡ್ತಿದ್ದ ನಂಬರ್, ಕೊಡಿ ಅಂದ್ರು. ಪಾಸಿಟಿವ್ ಅಂತ ಸಿಸ್ಟಮ್ಮಲ್ಲಿ ಇದ್ರೆ ತಾನೇ ಬಿಯು ನಂಬರು! ನಮ್ಮ ಹತ್ರ ಇರೋದು ನೆಗೆಟಿವ್. ಕಾರಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ವಿ. ಹೆಲ್ಪ್ ಡೆಸ್ಕಲ್ಲಿದ್ದ ಹುಡುಗಿ ನನ್ನ ಫೋನ್ ಇಸ್ಕೊಂಡು ರಿಪೋರ್ಟ್ ನೋಡಿದ್ಲು. ಬೆರಳಿಟ್ಟು ಅಂಕಿ ಎಣಿಸಿದ್ಲು. ಮತ್ತೆ ಎಣಿಸಿದ್ಲು. "ಮೇಡಂ, ಎಸ್‌ಆರ್‌ಎಫ್ ಐಡಿ 13 ಅಂಕಿ ಇರುತ್ತೆ, ಇದ್ರಲ್ಲಿ 12 ಇದೆ. ಇನ್ನೊಂದು ರಿಪೋರ್ಟಲ್ಲೂ ಇದೇ ನಂಬರ್ ಇದೆಯಲ್ಲ, ಒಬ್ಬೊಬ್ಬರಿಗೆ ಬೇರೆ ಇರ್ಬೇಕು. ಇದು ಯಾರು ಕೊಟ್ರು ನಿಮಗೆ?" ಹಿಂದೆ ನಿಂತಿದ್ದೋರೆಲ್ಲ ನನ್ನೇ ನೋಡ್ತಿದ್ದಾರೆ, ಅಪ್ಪ ವೀಲ್‌ಚೇರಲ್ಲಿ ಏದುಸಿರು ಬಿಡ್ತಿದ್ದಾರೆ. ಆಗ ಸರಿಯಾಗಿ ನೋಡಿದೆ, ಸ್ಯಾಂಪಲ್ ತಗೊಂಡ ಟೈಮ್ ಬೆಳಗ್ಗೆ ಅಂತಿದೆ, ಆ ಹುಡುಗ ಬಂದಿದ್ದು ಸಂಜೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಏನೂ ಓಪನ್ ಆಗಲ್ಲ. ಆ ಕ್ಷಣಕ್ಕೆ ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದಾ ಅನ್ನಿಸ್ತು.

ಪುಣ್ಯಕ್ಕೆ ಅಲ್ಲಿ ರಾಪಿಡ್ ಟೆಸ್ಟ್ ಮಾಡಿದ್ರು, ಪಾಸಿಟಿವ್ ಬಂತು, ಅಲ್ಲೇ ನಿಂತಿದ್ದ ಹಾಗೆ ಫೋನಿಗೆ ಎಸ್‌ಆರ್‌ಎಫ್ ಮೆಸೇಜ್ ಬಂತು. ಸರ್ವರ್ ಡೌನ್ ಅಂತೆ, ನನ್ನ ಕಣ್ಣೆದುರಿಗೇ ಬಂತಲ್ಲ! ಬೆಡ್ ಸಿಗೋ ಹೊತ್ತಿಗೆ ರಾತ್ರಿ ಆಗಿತ್ತು. ಆಮೇಲೆ 2021 ಮೇ 8ಕ್ಕೆ ಕೇಂದ್ರದವರು ಪಾಸಿಟಿವ್ ರಿಪೋರ್ಟ್ ಇಲ್ದಿದ್ರೂ ಶಂಕಿತರ ವಾರ್ಡಲ್ಲಿ ಸೇರಿಸ್ಕೊಳ್ಳಬೇಕು ಅಂತ ಆದೇಶ ಮಾಡಿದ್ರು. ನಾವು ಹೋದಾಗ ಅದೂ ಇರಲಿಲ್ಲ.

ಅಪ್ಪ ಆಕ್ಸಿಜನ್ ಮೇಲಿದ್ದಾಗ ಆಸ್ಪತ್ರೆ ಹೊರಗಡೆ ನಿಂತು ಆ ನಂಬರಿನವನಿಗೆ ಫೋನ್ ಮಾಡಿದೆ. ಮೊದಲು ಹೇಳಿದ್ದು "ಹೊಸ ಮ್ಯುಟೇಶನ್ ಮೇಡಂ ಇದು, ಆರ್‌ಟಿಪಿಸಿಆರ್‌ನಲ್ಲಿ ಸಿಗಲ್ಲ, ನ್ಯೂಸ್ ನೋಡಲ್ವಾ." ನಿಜವಾಗಿ ಟೆಸ್ಟ್ ಮಾಡಿದ್ರೂ ಕೆಲವು ಸಲ ನೆಗೆಟಿವ್ ಬರುತ್ತೆ, ಗೊತ್ತು ನಂಗೆ, ಸ್ಯಾಂಪಲ್ ಸರಿಯಾಗಿ ತೆಗೀಲಿಲ್ಲ ಅಂದ್ರೂ ಬರುತ್ತೆ. ಆದ್ರೆ ಇಲ್ಲಿ ಟೆಸ್ಟೇ ಆಗಿಲ್ವಲ್ಲ! ಆ ಲ್ಯಾಬಿಗೇ ಮೇಲ್ ಮಾಡಿ ಕೇಳಿದ್ದೆ, ಈ ಹೆಸರಿನ ಸ್ಯಾಂಪಲ್ ನಮಗೆ ಬಂದೇ ಇಲ್ಲ, ಈ ನಂಬರ್ ನಮ್ದಲ್ಲ ಅಂತ ಬರೆದ್ರು. ಅದನ್ನ ಹೇಳಿದ ತಕ್ಷಣ ದನಿ ಬದಲಾಯ್ತು. "ಕಲೆಕ್ಷನ್ ಹುಡುಗ ಕೆಲಸ ಬಿಟ್ಟ ಮೇಡಂ, ಅವನದ್ದೇ ತಪ್ಪು." ದುಡ್ಡು ವಾಪಸ್ ಕೊಡಿ ಅಂದ್ರೆ "ಟೆಸ್ಟ್ ಮಾಡಿದ್ದಕ್ಕೆ ರೀಫಂಡ್ ಇಲ್ಲ." ಈಗ ತಾನೇ ಟೆಸ್ಟ್ ಆಗಿಲ್ಲ ಅಂತ ಒಪ್ಕೊಂಡ್ಯಲ್ಲಪ್ಪಾ ಅಂದ್ರೆ, "ನಿಮ್ಮಪ್ಪ ಬದುಕಿದ್ದಾರಲ್ಲ ಮೇಡಂ, ಎಷ್ಟೋ ಜನ ಹೋಗ್ತಿದ್ದಾರೆ, 3600ಕ್ಕೆ ಯಾಕೆ ಹೀಗೆ ಆಡ್ತೀರಾ." ಆಮೇಲೆ ಬ್ಲಾಕ್ ಮಾಡ್ದ.

3600ಕ್ಕೆ ಅಲ್ಲ ಕಣಯ್ಯಾ. ಅಮ್ಮಂಗೆ ಹರಡಿದ್ದಕ್ಕೆ, ಅತ್ತೆ ಮನೇಲಿ ಎಲ್ರೂ ಮಲಗಿದ್ದಕ್ಕೆ, ಶುರುವಿನ ದಿನಗಳು ಪೂರ್ತಿ ಹಾಳಾಗಿದ್ದಕ್ಕೆ. ಪಾಸಿಟಿವ್ ಅಂತ ಸುಳ್ಳು ಹೇಳಿದ್ರೂ ಹುಷಾರಾಗಿ ಇರ್ತಿದ್ವಿ, ನೀನು ನೆಗೆಟಿವ್ ಅಂತ ಬರೆದೆ.

ಅಪ್ಪ ಈಗ ಮನೇಲಿದ್ದಾರೆ, ಬಾತ್‌ರೂಮಿಗೆ ಹೋಗಿ ಬಂದ್ರೆ ಸುಸ್ತು. ಅಮ್ಮ ಪರವಾಗಿಲ್ಲ. ಸ್ಟೇಷನ್ನಲ್ಲಿ ಕಂಪ್ಲೇಂಟ್ ಕೊಟ್ಟಿದ್ದೀನಿ, ಪೇಮೆಂಟ್ ಸ್ಕ್ರೀನ್‌ಶಾಟ್, ವಾಯ್ಸ್ ಮೆಸೇಜ್ ಎಲ್ಲ ಕೊಟ್ಟಿದ್ದೀನಿ.

ನೀವು ಮಾಡ್ಬೇಕಾಗಿದ್ದು ಇಷ್ಟೇ. ಸ್ವಾಬ್ ತಗೊಳ್ಳೋರು ನಿಮ್ಮೆದುರೇ ಮೊಬೈಲ್ ಆಪಲ್ಲಿ ನಿಮ್ಮ ವಿವರ ಹಾಕಲಿ, ಎಸ್‌ಆರ್‌ಎಫ್ ಮೆಸೇಜ್ ಬರಲಿ, 13 ಅಂಕಿ ಎಣಿಸಿ, ಆಮೇಲೆ ದುಡ್ಡು. ಸರ್ವರ್ ಡೌನ್ ಅಂದ್ರೆ ಸರ್ವರ್ ಬಂದ ಮೇಲೆ ಬಾ ಅನ್ನಿ. ರಿಪೋರ್ಟ್ ಬಂದ ಮೇಲೆ ಅದೇ ನಂಬರ್ ಹಾಕಿ ಸರ್ಕಾರದ ಕೋವಿಡ್ ವಾರ್ ರೂಂ ವೆಬ್‌ಸೈಟಲ್ಲಿ ನೋಡಿ, ಪಿಡಿಎಫ್ ನಂಬ್ಬೇಡಿ. ಆಗೋದಾದ್ರೆ ಪಿಎಚ್‌ಸಿಗೇ ಹೋಗಿ, ಫ್ರೀ. ಅಮ್ಮಂಗೆ ಕೊನೆಗೆ ಅಲ್ಲೇ ಮಾಡ್ಸಿದ್ದು, ನಮ್ಮ ಏರಿಯಾ ಆಶಾ ಕಾರ್ಯಕರ್ತೆ ವಯಸ್ಸಾದೋರನ್ನ ಮುಂದೆ ಕಳಿಸಿ ಅಂತ ಜಾಗ ಮಾಡ್ಸಿಕೊಟ್ರು. ರಿಪೋರ್ಟ್ ಏನೇ ಬರಲಿ, ಜ್ವರ ಇದ್ದು ವಾಸನೆ ಹೋಗಿದ್ರೆ ಬೇರೆ ರೂಮಲ್ಲೇ ಇಟ್ಟು ಆಕ್ಸಿಜನ್ ನೋಡ್ತಿರಿ, 94ಕ್ಕಿಂತ ಕೆಳಗೆ ಬಂದ್ರೆ ಕಾಯ್ಬೇಡಿ.

ಇನ್ನೊಂದು ವಿಷಯ, ನಿನ್ನೆ ನನ್ನ ತಮ್ಮನ ಆಫೀಸ್ ಗ್ರೂಪಿಗೆ ಅದೇ ನಂಬರಿಂದ ಹೊಸ ಮೆಸೇಜ್ ಬಂದಿದೆ. ಈಗ ಲ್ಯಾಬ್ ಲೋಗೋ ಇಲ್ಲ, "ಆಕ್ಸಿಜನ್ ಕಾನ್ಸಂಟ್ರೇಟರ್ ಬಾಡಿಗೆಗೆ ಸಿಗುತ್ತೆ, ಅಡ್ವಾನ್ಸ್ ಹಾಕಿ ಬುಕ್ ಮಾಡ್ಕೊಳ್ಳಿ" ಅಂತಿದೆ. ದುಡ್ಡು ಹಾಕೋಕೆ ಕೊಟ್ಟಿರೋದು ಅದೇ ಮೊಬೈಲ್ ಅಂಗಡಿ ಹೆಸರಿನ ಯುಪಿಐ. ನಿಮ್ಮ ಗ್ರೂಪಿಗೂ ಬಂದಿದ್ರೆ ಒಂದು ರೂಪಾಯಿನೂ ಹಾಕ್ಬೇಡಿ, ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಸ್ಟೇಷನ್ನಿಗೆ ಕೊಡಿ.