ಬುಸಾನ್‌ನಲ್ಲಿ ಒಂದೇ ದಿನ: ಜಗಾಲ್ಚಿ ಕಡೆಗೋ, ಹೇಉಂದೆ ಕಡೆಗೋ?

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಿಂದ ಬೆಳಗಿನ ಕೆಟಿಎಕ್ಸ್ ವೇಗದ ರೈಲು ಹಿಡಿದರೆ ಎರಡೂವರೆ, ಹೆಚ್ಚೆಂದರೆ ಮೂರು ಗಂಟೆಯಲ್ಲಿ ಬುಸಾನ್. ಇಳಿದ ಮೇಲೆ ಆಯ್ಕೆ ಎರಡು. ಒಂದು ಹಳೇ ಊರು: ಗಮ್ಚೊನ್ ಗುಡ್ಡ, ಜಗಾಲ್ಚಿ ಮೀನು ಮಾರುಕಟ್ಟೆ, ನಂಪೊ ಬೀದಿಗಳು. ಇನ್ನೊಂದು ಪೂರ್ವದ ಕಡಲತೀರ: ಯೊಂಗುಂಗ್ಸಾ ದೇವಾಲಯ, ಸೊಂಗ್‌ಜೊಂಗ್, ಹೇಉಂದೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ದಿನದ ಒಳ್ಳೆಯ ಹೊತ್ತೆಲ್ಲ ಮೆಟ್ರೊದಲ್ಲೇ ಕಳೆಯುತ್ತದೆ. ನಂಪೊದಿಂದ ಹೇಉಂದೆಗೆ ಸೊಮ್ಯೊನ್‌ನಲ್ಲಿ ಲೈನ್ ಬದಲಿಸಿ ಹೋಗಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು.

ಎರಡು ಕಡೆಯೂ ಓಡಾಡಿದ ಮೇಲೆ ನಮ್ಮ ತೀರ್ಮಾನ ಇಷ್ಟು: ಅದೇ ರಾತ್ರಿ ವಾಪಸ್ ರೈಲು ಇದ್ದರೆ ಹಳೇ ಊರು. ಹೇಉಂದೆಯಲ್ಲೇ ತಂಗುವುದಾದರೆ ಮಾತ್ರ ಪೂರ್ವ.

ಹಳೇ ಊರಿನ ದೊಡ್ಡ ಅನುಕೂಲ ದೂರವೇ. ಬುಸಾನ್ ಸ್ಟೇಷನ್‌ನಿಂದ ಕಿತ್ತಳೆ ಬಣ್ಣದ 1ನೇ ಲೈನಿನಲ್ಲಿ ನಂಪೊ ಎರಡನೇ ನಿಲ್ದಾಣ, ಜಗಾಲ್ಚಿ ಮೂರನೆಯದು, ತೊಸೊಂಗ್ ನಾಲ್ಕನೆಯದು. ಮೊದಲು ತೊಸೊಂಗ್‌ಗೇ ಹೋಗಿ. 6ನೇ ದ್ವಾರದಿಂದ ಹೊರಬಂದರೆ ಗಮ್ಚೊನ್‌ಗೆ ಹತ್ತುವ ಪುಟ್ಟ ಬಸ್ ಸಿಗುತ್ತದೆ. ನಕ್ಷೆಯಲ್ಲಿ ಹತ್ತಿರ ಕಂಡಿತೆಂದು ನಡೆದು ಹತ್ತಲು ಹೋಗಬೇಡಿ, ಏರು ಮೊಣಕಾಲು ಹಿಡಿಸುತ್ತದೆ. ಬಸ್ಸಿನಲ್ಲಿ ಹತ್ತಿ, ನಡೆದು ಇಳಿಯಿರಿ. ಕೊರಿಯಾ ಯುದ್ಧದ ಕಾಲದಲ್ಲಿ ನಿರಾಶ್ರಿತರು ಬಂದು ನೆಲೆಸಿದ ಗುಡ್ಡವಿದು. 2009ರ ಕಲಾ ಯೋಜನೆಯ ನಂತರ ಪ್ರವಾಸಿ ತಾಣವಾಯಿತು. ಫ್ರೆಂಚ್ ಕಥೆಯ ‘ಪುಟ್ಟ ರಾಜಕುಮಾರ’ನ (ಲಿಟಲ್ ಪ್ರಿನ್ಸ್) ಬೊಂಬೆಯ ಪಕ್ಕ ಫೋಟೊಗೆ ಉದ್ದ ಸಾಲು ನಿಂತಿರುತ್ತದೆ. ಅದೇ ನೋಟ ನಾಲ್ಕು ಹೆಜ್ಜೆ ಆಚೆ ಸಾಲಿಲ್ಲದೆ ಸಿಗುತ್ತದೆ. ಬಣ್ಣದ ಮನೆಗಳಲ್ಲಿ ಜನ ವಾಸವಿದ್ದಾರೆ, ಬಾಗಿಲಿಗೆ ಕ್ಯಾಮೆರಾ ಹಿಡಿಯಬೇಡಿ.

ಊಟಕ್ಕೆ ಜಗಾಲ್ಚಿ. ಕೆಳಮಹಡಿಯಲ್ಲಿ ತೊಟ್ಟಿಯಿಂದ ಜೀವಂತ ಮೀನು ಆರಿಸುವುದು, ಮೇಲೆ ಕೂತು ತಿನ್ನುವುದು. ಎಡವಟ್ಟಾಗುವುದು ಲೆಕ್ಕದಲ್ಲಿ: ಕೆಳಗೆ ಕೊಟ್ಟದ್ದು ಮೀನಿನ ಬೆಲೆ ಮಾತ್ರ. ಮೇಲೆ ತಲೆಗಿಷ್ಟು ಎಂದು ಮೇಜಿನ ಖರ್ಚು, ಸುಡಿಸಿದರೆ ಅದಕ್ಕೆ ಬೇರೆ. ಕೆಳಗಿರುವಾಗಲೇ ಎರಡನ್ನೂ ಸೇರಿಸಿ ಕೇಳಿ, ಅಂಕಿಯನ್ನು ಫೋನಿನಲ್ಲಿ ಬರೆಸಿಕೊಳ್ಳಿ. ತೂಗುವ ಮುಂಚೆ ಬುಟ್ಟಿಯ ನೀರು ಸೋರಿದೆಯೇ ನೋಡಿ. ಸುಟ್ಟ ಮೀನಿಗೆ ಉಪ್ಪು ಬಿಟ್ಟರೆ ಮಸಾಲೆ ಇಲ್ಲ. ಮಂಗಳೂರಿನ ನಾಲಿಗೆಗೆ ಮೊದಲ ತುತ್ತು ಸಪ್ಪೆ ಎನಿಸೀತು. ತಿಂಗಳ ಮೊದಲ ಮತ್ತು ಮೂರನೇ ಮಂಗಳವಾರ ಈ ಕಟ್ಟಡಕ್ಕೆ ರಜೆ.

ರಸ್ತೆ ದಾಟಿದರೆ ಬುಸಾನ್ ಚಿತ್ರೋತ್ಸವದ ಹೆಸರಿನ ಬಿಫ್ ಚೌಕ. ಅಲ್ಲಿನ ಬೀಜ ತುಂಬಿದ ಸಿಹಿ ರೊಟ್ಟಿ, ಸಿಆತ್ ಹೊತ್ತೊಕ್‌ಗಾಗಿಯೇ ಹಳೇ ಊರಿಗೆ ಒಂದು ಅಂಕ ಹೆಚ್ಚು. ಹುದುಗಿದ ಹಿಟ್ಟಿನ ಉಂಡೆಗೆ ಕಂದು ಸಕ್ಕರೆ ತುಂಬಿ, ಕಾವಲಿಯ ಎಣ್ಣೆಯಲ್ಲಿ ದುಂಡನೆಯ ಉಕ್ಕಿನ ಬಿಲ್ಲೆಯಿಂದ ಒತ್ತುತ್ತಾರೆ. ಎರಡೂ ಬದಿ ಕೆಂಪಾದ ಮೇಲೆ ಕತ್ತರಿಯಿಂದ ಅಂಚು ಸೀಳಿ, ಸೂರ್ಯಕಾಂತಿ ಮತ್ತು ಕುಂಬಳ ಬೀಜ, ಕಡಲೆಕಾಯಿ ಪುಡಿಯನ್ನು ಚಮಚದಲ್ಲಿ ತುಂಬಿ ಕಾಗದದ ಲೋಟಕ್ಕಿಳಿಸುತ್ತಾರೆ. ನಮ್ಮ ಹೋಳಿಗೆಯ ದೂರದ ನೆಂಟ ಎನ್ನಬಹುದು. ಒಳಗಿನ ಸಕ್ಕರೆ ಪಾಕವಾಗಿ ಕುದಿಯುತ್ತಿರುತ್ತದೆ. ಎರಡು ನಿಮಿಷ ಕಾದು, ಸೀಳಿನ ಬಾಯಿ ಮೇಲಿಟ್ಟುಕೊಂಡೇ ಕಚ್ಚಿ. ವಾರೆ ಮಾಡಿದರೆ ಪಾಕ ಮುಂಗೈಗೆ ಇಳಿಯುತ್ತದೆ. ನೋಟು ಕೈಯಲ್ಲಿರಲಿ. ವಾಪಸ್ ರೈಲು ತಡರಾತ್ರಿಯದಾದರೆ ಪಕ್ಕದ ಬುಪ್ಯೊಂಗ್ ಕಾಂತೊಂಗ್ ಮಾರುಕಟ್ಟೆಯಲ್ಲಿ ಸಂಜೆ ಏಳೂವರೆಗೆ ತಳ್ಳುಗಾಡಿಗಳು ಬರುತ್ತವೆ.

ಪೂರ್ವದ ದಾರಿಯಲ್ಲಿ ಅನುಕ್ರಮವೇ ಎಲ್ಲ. ಬಹುತೇಕರು ಹೇಉಂದೆಯಿಂದ ಶುರು ಮಾಡಿ ಹೋದ ದಾರಿಯಲ್ಲೇ ಮರಳುತ್ತಾರೆ. ತಿರುಗಿಸಿ ಮಾಡಿ: ಹೇಉಂದೆಯಿಂದ 181ನೇ ಬಸ್ಸಿನಲ್ಲಿ ಬೆಳಿಗ್ಗೆಯೇ ಯೊಂಗುಂಗ್ಸಾಗೆ. 1376ರಲ್ಲಿ ಸ್ಥಾಪನೆಯಾದ, ಅಲೆ ಬಡಿಯುವ ಬಂಡೆಯ ಮೇಲಿನ ದೇವಾಲಯ. 108 ಮೆಟ್ಟಿಲು ಇಳಿಯಬೇಕು. ಹತ್ತರ ನಂತರ ಪ್ರವಾಸಿ ಬಸ್ಸುಗಳು ಬಂದರೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ವಾಪಸ್ ಬರುವಾಗ ಸೊಂಗ್‌ಜೊಂಗ್‌ನಲ್ಲೇ ಇಳಿದು, ಹಳೇ ರೈಲು ಹಳಿಯ ಮೇಲೆ ಓಡುವ ಬೀಚ್ ಟ್ರೈನ್ ಹತ್ತಿ. ನಡುವಿನ ಚೊಂಗ್ಸಾಪೊದಲ್ಲಿ ಇಳಿದರೆ ಅಲ್ಲಿಂದ ಹೇಉಂದೆ ತುದಿಯ ಮಿಪೊಗೆ ಬಣ್ಣದ ಸ್ಕೈ ಕ್ಯಾಪ್ಸೂಲ್, ಎತ್ತರದ ಹಳಿಯ ಮೇಲೆ ನಿಧಾನಕ್ಕೆ ಸಾಗುವ ಪುಟ್ಟ ಡಬ್ಬಿ. ಟಿಕೆಟ್ ತಲೆಗಲ್ಲ, ಡಬ್ಬಿಗೆ. ಹಾಗಾಗಿ ನಾಲ್ವರಿಗೆ ಲಾಭ, ಒಬ್ಬರಿಗೆ ದುಬಾರಿ. ವಾರಾಂತ್ಯಕ್ಕೆ ಮುಂಚೆಯೇ ಕಾದಿರಿಸದಿದ್ದರೆ ಸಿಗುವುದು ಕಷ್ಟ. ಸಿಗದಿದ್ದರೆ ಬೇಸರವೇನಿಲ್ಲ, ಹಳಿಯ ಪಕ್ಕದ ಮರದ ಹಲಗೆ ದಾರಿಯಲ್ಲಿ ಅದೇ ಕಡಲು ಪುಕ್ಕಟೆ.

ತಿಂಡಿಯಲ್ಲಿ ಪೂರ್ವ ಹಿಂದೆ. ಹಂದಿ ಮೂಳೆ ಸಾರಿಗೆ ಅನ್ನ ಸೇರಿಸಿದ ದ್ವೇಜಿ ಗುಕ್‌ಪಾಪ್ ಎರಡೂ ಕಡೆ ಸಿಗುತ್ತದೆ: ಮೊದಲು ಸಾರು ರುಚಿ ನೋಡಿ, ಆಮೇಲೆ ಉಪ್ಪಿನ ಸೀಗಡಿ ಅರ್ಧ ಚಮಚ, ಕೊನೆಗೆ ಬುಚು ಎಂಬ ಬೆಳ್ಳುಳ್ಳಿ ವಾಸನೆಯ ಸೊಪ್ಪು. ಸೀಗಡಿ ಒಮ್ಮೆಲೇ ಸುರಿದರೆ ಬಟ್ಟಲು ಬಾಯಿಗಿಡಲಾಗದಷ್ಟು ಉಪ್ಪು.

ಸಸ್ಯಾಹಾರಿಗಳಿಗೆ ಎರಡೂ ಕಡೆ ಕಷ್ಟವೇ. ಹುದುಗಿಸಿದ ತರಕಾರಿ ಉಪ್ಪಿನಕಾಯಿ ಕಿಮ್ಚಿಯಲ್ಲಿ ಸೀಗಡಿಯೋ ಮೀನಿನ ರಸವೋ ಸಾಮಾನ್ಯ, ತರಕಾರಿ ಎಂದು ಕಂಡ ಸಾರಿನಲ್ಲೂ ಒಣಮೀನು. ತರಕಾರಿ ಕಲಸಿದ ಅನ್ನ ಬಿಬಿಂಬಾಪ್ ಕೇಳಿ "ಗೊಗಿ ಪೆ ಜುಸೆಯೊ", ಮಾಂಸ ತೆಗೆದು ಕೊಡಿ, ಎನ್ನಿ. ಕೆಂಪು ಮೆಣಸಿನ ಗೊಜ್ಜು ಗೊಚುಜಾಂಗ್ ಬೇರೆ ಕೇಳಿಕೊಳ್ಳಿ, ಕೆಲವೆಡೆ ಅದರಲ್ಲೂ ಗೋಮಾಂಸ ಹುರಿದು ಬೆರೆಸಿರುತ್ತಾರೆ.