ಪ್ರೋಟೀನ್ ನೋಡುವ ಯೂರಿನ್ ಸ್ಟ್ರಿಪ್: ಕಲಬುರಗಿ ಬಿಸಿಲಿಗೆ ಎಷ್ಟು ನಂಬಬಹುದು?

ಮನೆಯಲ್ಲೇ ನೋಡಿಕೊಳ್ಳಲು ಈ ಸ್ಟ್ರಿಪ್ ಒಳ್ಳೆಯದೇ. ಆದರೆ ಡಬ್ಬಿ 30 ಡಿಗ್ರಿಯೊಳಗೆ, ಮುಚ್ಚಳ ಬಿಗಿಯಾಗಿ ಇರಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಅದೇ ದೊಡ್ಡ ಕೆಲಸ. ಬೆಳಗಿನ ಮೊದಲ ಮೂತ್ರದಲ್ಲಿ ಅದ್ದಿ, ತಕ್ಷಣ ತೆಗೆದು, 60 ಸೆಕೆಂಡಿಗೆ ಬಣ್ಣ ನೋಡಿ. ಹಳದಿ ಇದ್ದರೆ ನೆಗೆಟಿವ್. ಹಸಿರಾದಷ್ಟೂ ಪ್ರೋಟೀನ್ ಹೆಚ್ಚು. ಒಂದು ಪ್ಲಸ್ ಎಂದರೆ ಡೆಸಿಲೀಟರಿಗೆ ಸುಮಾರು 30 ಮಿಲಿಗ್ರಾಂ. ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದರೆ ಆರೋಗ್ಯವಂತರಲ್ಲೂ ‘ಟ್ರೇಸ್’ (ಒಂದು ಪ್ಲಸ್‌ಗಿಂತ ಕಡಿಮೆ, ಅತ್ಯಲ್ಪ) ತೋರಿಸಬಹುದು.

ನಿಜವಾದ ಕೊರತೆ ಬೇರೆ. ಸ್ಟ್ರಿಪ್ ಹಿಡಿಯುವುದು ಮುಖ್ಯವಾಗಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್, ಅಂದರೆ ಕಿಡ್ನಿಯ ಜರಡಿ ಸಡಿಲಾದಾಗ ಸೋರುವುದು. ಕಿಡ್ನಿಯ ಸಣ್ಣ ನಾಳಗಳು ಮರಳಿ ಹೀರದೆ ಬಿಟ್ಟ ಸಣ್ಣ ಪ್ರೋಟೀನುಗಳು, ಮಯಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನಲ್ಲಿ ಬರುವ ಲೈಟ್ ಚೈನ್ ಎಂಬ ಪ್ರೋಟೀನ್ ತುಣುಕುಗಳು ಇದಕ್ಕೆ ಹೆಚ್ಚಾಗಿ ಕಾಣುವುದಿಲ್ಲ. ಶುಗರ್ ಇರುವವರು ದಯವಿಟ್ಟು ಇದರ ನೆಗೆಟಿವ್ ನಂಬಿ ಸುಮ್ಮನಿರಬೇಡಿ. ವರ್ಷಕ್ಕೊಮ್ಮೆ ಲ್ಯಾಬಿನಲ್ಲಿ ಎಸಿಆರ್ ಮಾಡಿಸಿ. ಅಂದರೆ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ; ಸ್ಟ್ರಿಪ್‌ಗೆ ಸಿಗದಷ್ಟು ಕಡಿಮೆ ಆಲ್ಬುಮಿನ್ ಕೂಡ ಅದರಲ್ಲಿ ಸಿಗುತ್ತದೆ.