ಬೆಳಗ್ಗೆ ಹೋಗಿ, ಸಂಜೆ ಬೇಡ: ಈಸ್ಟ್ ಸ್ಯಾನ್ ಹೋಸೆಯ ಒಂದು ಪುಟ್ಟ ವಾಹಾಕಾ ಹೋಟೆಲ್

ಮೆಕ್ಸಿಕೊದ ವಾಹಾಕಾ ರಾಜ್ಯದ ಅಡುಗೆ ಮಾಡುವ ಈ ಹೋಟೆಲಿನ ಹೆಸರು ಹಾಕುತ್ತಿಲ್ಲ. ಮನೆಯವರೇ ಸೇರಿ ನಡೆಸುವ ಜಾಗ, ಆರೇಳು ಟೇಬಲ್ ಅಷ್ಟೇ. ಶನಿವಾರ ಬೆಳಗ್ಗೆ ಈಗಲೇ ಕ್ಯೂ ಬಾಗಿಲಾಚೆ ನಿಂತಿರುತ್ತದೆ. "ಬರೀರಿ, ಆದರೆ ಹೆಸರು ಬೇಡ, ನಮ್ಮ ಕೈಲಾಗೋದು ಇಷ್ಟೇ ಜನಕ್ಕೆ" ಅಂತ ಕೌಂಟರಿನಲ್ಲಿ ಕೂರುವ ಈ ಮನೆಯ ಮಗ ಹೇಳಿದ್ದಾನೆ. ಜಾಗ ಎಲ್ಲಿ ಅಂತ ಹೇಳಬಹುದು. ಕ್ಯಾಲಿಫೋರ್ನಿಯಾದ ಈಸ್ಟ್ ಸ್ಯಾನ್ ಹೋಸೆ, ಅಲಮ್ ರಾಕ್ ಅವೆನ್ಯೂಗೆ ಸೇರುವ ಒಂದು ಅಡ್ಡರಸ್ತೆ. ಒಂದು ಕಡೆ ಬಟ್ಟೆ ಒಗೆಯುವ ಲಾಂಡ್ರೊಮ್ಯಾಟ್, ಇನ್ನೊಂದು ಕಡೆ ಟೈರ್ ಅಂಗಡಿ. ಕಾರು ರಿಪೇರಿಗೆ ಬಿಟ್ಟು ಸುಮ್ನೆ ಓಡಾಡುತ್ತಿದ್ದಾಗ ಕಣ್ಣಿಗೆ ಬಿತ್ತು. ನಮ್ಮ ಜನ ಹೆಚ್ಚಾಗಿ ಇರುವುದು ಸನಿವೇಲ್, ಸಾಂತಾ ಕ್ಲಾರಾ, ಫ್ರೀಮಾಂಟ್ ಕಡೆ. ಊರಿನ ಈ ಭಾಗಕ್ಕೆ ಬರುವುದೇ ಕಡಿಮೆ. ಬನ್ನಿ. ಎಲ್ ಕಮಿನೊ ರಸ್ತೆಯಲ್ಲಿ ಓಡಾಡುವ, ಇಲ್ಲಿನ ಸಾರಿಗೆ ಸಂಸ್ಥೆ ವಿಟಿಎಯ 22ನೇ ನಂಬರ್ ಬಸ್ಸೇ ಇಲ್ಲಿಗೂ ಬರುತ್ತದೆ.

ಇಲ್ಲಿಗೆ ಹೋಗಲು ಶುರು ಮಾಡಿ ಎರಡು ವರ್ಷದ ಮೇಲಾಯಿತು. ಬರೆಯಲು ಕಾರಣ ಒಂದೇ, ಅವರ ಟೋರ್ಟಿಯಾ, ಅಂದರೆ ಗೋವಿನಜೋಳದ ತೆಳು ರೊಟ್ಟಿ.

ಸಸ್ಯಾಹಾರಿಗಳಿಗೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಮೆಕ್ಸಿಕನ್ ಅಡುಗೆಯಲ್ಲಿ ಕಣ್ಣಿಗೆ ಕಾಣುವ ಮಾಂಸದ ಚಿಂತೆ ಬೇಡ, ಅದನ್ನು ಬಿಟ್ಟರಾಯಿತು. ಕಾಣದೇ ಇರುವುದೇ ತೊಂದರೆ. ಅರೆದ ಬೀನ್ಸ್‌ನಲ್ಲಿ ಹೆಚ್ಚಾಗಿ ಹಂದಿ ಕೊಬ್ಬು ಇರುತ್ತದೆ, ಅದು ಮಾಂತೆಕಾ. ಕೆಂಪನ್ನವನ್ನು ಸಾಮಾನ್ಯವಾಗಿ ಕೋಳಿ ಬೇಯಿಸಿದ ನೀರಲ್ಲಿ ಮಾಡುತ್ತಾರೆ, ಅದು ಕಾಲ್ದೊ ದೆ ಪೋಯೊ. ವಾಹಾಕಾದವರು ಮೆಮೆಲಾ (ದಪ್ಪ ಟೋರ್ಟಿಯಾ), ತ್ಲಾಯುದಾ (ದೊಡ್ಡ ಗರಿಗರಿ ಟೋರ್ಟಿಯಾ) ಮೇಲೆ ಅಸಿಯೆಂತೊ ಸವರುತ್ತಾರೆ, ಅದೂ ಹಂದಿಯದೇ ಕೊಬ್ಬು. ಹಾಗಾಗಿ "ಸಿನ್ ಮಾಂತೆಕಾ, ಸಿನ್ ಅಸಿಯೆಂತೊ, ಸಿನ್ ಕಾಲ್ದೊ ದೆ ಪೋಯೊ" ಅನ್ನುವುದನ್ನು ಬಾಯಿಪಾಠ ಮಾಡಿಕೊಂಡೇ ಹೋಗಿ, ಸಿನ್ ಅಂದರೆ ಇಲ್ಲದೆ. "ಸಿನ್ ಕಾರ್ನೆ", ಮಾಂಸ ಬೇಡ, ಅಂತ ಮಾತ್ರ ಹೇಳಿದರೆ ಸಾಲದು. ಇಲ್ಲಿ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಕಪ್ಪು ಬೀನ್ಸ್ ಎರಡು ಪಾತ್ರೆಯಲ್ಲಿ ಮಾಡುತ್ತಾರೆ, ಒಂದಕ್ಕೆ ಎಣ್ಣೆ, ಒಂದಕ್ಕೆ ಕೊಬ್ಬು. ಅನ್ನಕ್ಕೆ ಕೋಳಿ ಸಾರೇ ಹಾಕುವುದು, ಅದು ನಮಗಲ್ಲ. ಮೆಣಸಿನಕಾಯಿ ಅರೆದು ಮಾಡುವ ಮೋಲೆ ಅನ್ನುವ ಗೊಜ್ಜೂ ಕೋಳಿ ಸಾರಿನದೇ, ಅದರ ಘಮ ಎಷ್ಟೇ ಚೆನ್ನಾಗಿರಲಿ, ನಾನು ಮುಟ್ಟುವುದಿಲ್ಲ. ಚೀಸ್ ವಿಷಯದಲ್ಲಿ ಕಟ್ಟುನಿಟ್ಟು ಇರುವವರು ಹಾಲು ಒಡೆಸಲು ಏನು ಹಾಕಿದ್ದಾರೆ ಅಂತಲೂ ಕೇಳಿಕೊಳ್ಳಿ, ಪ್ರಾಣಿಯ ರೆನೆಟ್ ಇರಬಹುದು.

ಇನ್ನು ಟೋರ್ಟಿಯಾ ವಿಷಯ.

ನಾನು ಹಾವೇರಿ ಜಿಲ್ಲೆಯವಳು, ಗೋವಿನಜೋಳ ನೋಡಿಯೇ ಬೆಳೆದವಳು. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಅರ್ಧ ಭಾಗದಲ್ಲಿ ಕಾಳು ಒಣಹಾಕಿರುತ್ತಾರೆ, ಎಪಿಎಂಸಿ ಮುಂದೆ ಟ್ರ್ಯಾಕ್ಟರ್ ಸಾಲುಗಟ್ಟಿರುತ್ತವೆ. ಆಮೇಲೆ ಹೆಚ್ಚಿನ ಮಾಲು ಹೋಗುವುದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಫ್ಯಾಕ್ಟರಿಗೆ. ಮನೆಯಲ್ಲಿ ನಾವು ತಿನ್ನುವುದು ಬಿಳಿಜೋಳ. ಗೋವಿನಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಕೂತವರಿಗೆ ಗೊತ್ತಿರುತ್ತದೆ, ಅಂಚು ಬಿರಿಯುತ್ತದೆ, ಎತ್ತಲು ಹೋದರೆ ಮುರಿಯುತ್ತದೆ. ಆ ಕಾಳಿನಿಂದ ಇಷ್ಟು ಮೆತ್ತಗಿನ, ಮಡಚಿದರೂ ಸೀಳದ, ಬಾಯಲ್ಲಿಟ್ಟರೆ ಸಿಹಿ ಬಿಡುವ ವಸ್ತು ಆಗುತ್ತದೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿ.

ಗುಟ್ಟು ಸುಣ್ಣದಲ್ಲಿದೆ. ವೀಳ್ಯದೆಲೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ಹಿಂದಿನ ರಾತ್ರಿ ಕಾಳನ್ನು ಸುಣ್ಣದ ನೀರಲ್ಲಿ ಕುದಿಸಿ, ಬೆಳಗಿನ ತನಕ ಅದರಲ್ಲೇ ಬಿಡುತ್ತಾರೆ. ಸಿಪ್ಪೆ ಸಡಿಲವಾಗಿ ಬೆರಳಲ್ಲಿ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ಹಳದಿ ನೀರು ಚೆಲ್ಲಿ, ತೊಳೆದು, ಹಸಿಯಾಗಿಯೇ ರುಬ್ಬುತ್ತಾರೆ. ಸುಣ್ಣದಲ್ಲಿ ಬೆಂದ ಕಾಳಿಗೆ ನಿಕ್ಸ್ತಮಾಲ್ ಅನ್ನುತ್ತಾರೆ, ರುಬ್ಬಿದ ಹಿಟ್ಟಿಗೆ ಮಾಸಾ. ಸುಣ್ಣ ಇದ್ದರೇ ಹಿಟ್ಟಿಗೆ ಅಂಟು ಬರುವುದು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಗೋವಿನಜೋಳದಲ್ಲಿರುವ ನಯಾಸಿನ್ ಅನ್ನುವ ವಿಟಮಿನ್ ಮೈಗೆ ಹತ್ತಬೇಕಾದರೂ ಈ ಸುಣ್ಣ ಬೇಕು. ಮೆಕ್ಸಿಕೊ ಕಡೆಯವರು ಇದನ್ನು 3000 ವರ್ಷಕ್ಕೂ ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ. ಯುರೋಪಿನವರು ಇಲ್ಲಿಂದ ಜೋಳ ಒಯ್ದರು, ಸುಣ್ಣದ ಕೆಲಸ ಒಯ್ಯಲಿಲ್ಲ. ಜೋಳವನ್ನೇ ಮೂರು ಹೊತ್ತು ತಿಂದ ಬಡವರಿಗೆ ಪೆಲಾಗ್ರ ರೋಗ ಬಂತು, ಉತ್ತರ ಇಟಲಿಯಲ್ಲಿ, ಆಮೇಲೆ 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ. ಚರ್ಮ ಸುಲಿದು, ಬುದ್ಧಿ ಕೆಟ್ಟು ಸಾಯುವ ರೋಗ ಅದು. ಇದನ್ನೆಲ್ಲ ತಿಳಿದ ಮೇಲೆ ಈ ಮನೆಯ ಅಜ್ಜಿ ಮಾಡುವ ಕೆಲಸದ ಮೇಲೆ ನನಗಿರುವ ಗೌರವ ಇನ್ನೂ ಜಾಸ್ತಿಯಾಗಿದೆ.

ಅಜ್ಜಿಯನ್ನು, ಅಂದರೆ ಕೌಂಟರಿನಲ್ಲಿ ಕೂರುವವನ ಅಮ್ಮನನ್ನು, ಎಲ್ಲರೂ ದೋನ್ಯಾ (ಹೆಂಗಸರಿಗೆ ಗೌರವದಿಂದ ಹೇಳುವ ಮಾತು) ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಅರ್ಧ ಗೋಡೆ. ಗೋಡೆ ಪಕ್ಕದ ಟೇಬಲ್ ಸಿಕ್ಕರೆ ಅವರು ಕೆಲಸ ಮಾಡುವುದನ್ನು ಪೂರ್ತಿ ನೋಡಬಹುದು. ಹಿಟ್ಟಿನ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಕಬ್ಬಿಣದ ಒತ್ತುಮಣೆಯಲ್ಲಿ ಒತ್ತುತ್ತಾರೆ. ಹಾಳೆ ಬಿಡಿಸಿ, ಅಂಗೈ ಮೇಲೆ ಹಾಕಿಕೊಂಡು, ಹಂಚಿನ ಮೇಲೆ ಜಾರಿಸುತ್ತಾರೆ. ಎಸೆಯುವುದಿಲ್ಲ, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ ಅಷ್ಟೇ, ಟೋರ್ಟಿಯಾ ತಾನೇ ಹಂಚಿಗೆ ಕೂರುತ್ತದೆ, ಒಂದು ಸುಕ್ಕೂ ಇರುವುದಿಲ್ಲ. ಅಂಚಿನ ಬಣ್ಣ ತಿರುಗಿದಾಗ ಬರಿ ಬೆರಳಲ್ಲೇ ಮಗುಚುತ್ತಾರೆ. ಕಂದು ಚುಕ್ಕೆ ಬಂದ ಮೇಲೆ ಇನ್ನೊಂದು ಸಲ ಮಗುಚಿ, ನಡುವೆ ಎರಡು ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾರೆ. ಆಗ ಉಬ್ಬುತ್ತದೆ. ಉಬ್ಬದೇ ಹೋದದ್ದನ್ನು ಗಿರಾಕಿಗೆ ಕೊಡುವುದಿಲ್ಲ, ಪಕ್ಕಕ್ಕಿಡುತ್ತಾರೆ. ಅವನ್ನು ಆಮೇಲೆ ಕರಿದು ಚಿಪ್ಸ್ ಮಾಡುತ್ತಾರೆ.

ನಾವು ಹೋಗುವುದು ಶನಿವಾರ ಬೆಳಗ್ಗೆ, ಒಂಬತ್ತರ ಒಳಗೆ. ಕೂತ ತಕ್ಷಣ ಮಗಳಿಗೆ ಜಮೈಕಾ ಬರುತ್ತದೆ. ಸ್ಪ್ಯಾನಿಷ್‌ನಲ್ಲಿ ಅದನ್ನು ಹಮಾಯ್ಕಾ ಅಂತ ಕೇಳಬೇಕು. ನಮ್ಮ ಪುಂಡಿಪಲ್ಯದ ಜಾತಿಯ ಗಿಡ, ಅದರ ಹೂವಿನ ಕೆಂಪು ತೊಟ್ಟೆಲೆ ಕುದಿಸಿ, ಸಕ್ಕರೆ ಹಾಕಿ ತಣ್ಣಗೆ ಮಾಡಿದ ಹುಳಿ ಶರಬತ್ತು. ಸಕ್ಕರೆ ಸ್ವಲ್ಪ ಜಾಸ್ತಿಯೇ, ಐಸ್ ಕರಗುವ ತನಕ ಕಾಯಿರಿ. ನನಗೆ ಒಂದು ಮೆಮೆಲಾ, ದಪ್ಪಗೆ ತಟ್ಟಿ, ಅಂಚು ಚಿವುಟಿ ಎತ್ತರಿಸಿ, ಮೇಲೆ ಕಪ್ಪು ಬೀನ್ಸ್ ಸವರಿ ಚೀಸ್ ಉದುರಿಸಿದ್ದು. ಆಮೇಲೆ ಒಂದು ತೆತೆಲಾ, ಮೂರು ಮೂಲೆ ಮಡಚಿ ಒಳಗೆ ಬೀನ್ಸ್ ತುಂಬಿ ಸುಟ್ಟದ್ದು. ಬೀನ್ಸ್‌ಗೆ ಅವೊಕಾಡೊ ಗಿಡದ ಎಲೆ ಹಾಕುತ್ತಾರೆ, ಸೋಂಪಿನ ಹಾಗೆ ಒಂದು ಪರಿಮಳ ಬರುತ್ತದೆ. ನಮ್ಮ ಮನೆಯವರು ನೋಪಾಲೆಸ್ ತಗೋತಾರೆ. ಪಾಪಾಸುಕಳ್ಳಿಯ ಎಳೆ ಪಟ್ಟಿ ಅದು, ಮುಳ್ಳು ಕೆತ್ತಿ ಹಂಚಿನ ಮೇಲೆ ಸುಟ್ಟಿರುತ್ತಾರೆ, ಸ್ವಲ್ಪ ಲೋಳೆ, ಸ್ವಲ್ಪ ಹುಳಿ. ಊರಲ್ಲಿ ಹೊಲದ ಬೇಲಿಗೆ ನೆಟ್ಟಿದ್ದನ್ನು ಇಲ್ಲಿ ದುಡ್ಡು ಕೊಟ್ಟು ತಿನ್ನುತ್ತೇವೆ, ತಿಂದದ್ದಕ್ಕೆ ಖುಷಿಯೂ ಪಡುತ್ತೇವೆ. ತ್ಲಾಯುದಾ ಊಟದ ಹೊತ್ತಿಗೆ ಮಾತ್ರ. ನಮ್ಮ ಖಡಕ್ ರೊಟ್ಟಿ ತಿಂದು ಬೆಳೆದವರಿಗೆ ಅದನ್ನು ಹೇಗೆ ಮುರಿದು ತಿನ್ನಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಕೊನೆಗೆ ಬರಿ ಟೋರ್ಟಿಯಾ ಎರಡು, ಉಪ್ಪು, ಕಲ್ಲಿನ ಒರಳಲ್ಲಿ ಅರೆದ ಸಾಲ್ಸಾ, ಅಂದರೆ ಇವರ ಚಟ್ನಿ. ಇದು ಮೆನುವಿನಲ್ಲಿಲ್ಲ, ಕೇಳಬೇಕು. ಬೇರೇನೂ ತಿನ್ನದಿದ್ದರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಕಳೆದ ಸಲ ಊರಿಗೆ ಹೋದಾಗ ಬ್ಯಾಡಗಿ ಮೆಣಸಿನಕಾಯಿ ತಂದಿದ್ದೆ, ಕಡ್ಡಿ ಜಾತಿಯದು. ಒಂದು ಪೊಟ್ಟಣ ದೋನ್ಯಾಗೆ ಕೊಟ್ಟೆ. ಮೆಣಸಿನಕಾಯಿ ಇವರ ನಾಡಿನದೇ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂದದ್ದು. 2011ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ಬ್ಯಾಡಗಿಯ ಮೂಲವೂ ಹುಡುಕಿಕೊಂಡು ಹೋದರೆ ಅಲ್ಲಿಗೇ ಮುಟ್ಟುತ್ತದೆ. ದೋನ್ಯಾ ಒಂದನ್ನು ತೆಗೆದು ಬೆಳಕಿಗೆ ಹಿಡಿದರು. ಸುಕ್ಕಿನ ಮೇಲೆ ಉಗುರು ಎಳೆದರು. ಮುರಿದು ಬೀಜ ಅಂಗೈಗೆ ಸುರಿದುಕೊಂಡು ಮೂಸಿದರು. ತುದಿ ನಾಲಿಗೆಗೆ ಹಚ್ಚಿಕೊಂಡು, ಮಗನಿಗೆ ಏನೋ ಹೇಳಿದರು. "ಬಣ್ಣ ಇದೆ, ಖಾರ ಕಡಿಮೆ, ಸಿಪ್ಪೆ ತೆಳು, ಬೇಗ ಸೀದುಹೋಗುತ್ತೆ ಅಂತಾರೆ, ಸೆನ್ಯೋರಾ" ಅಂತ ಅವನು ತಿಳಿಸಿದ. ಹಂಚಿನ ಮೇಲೆ ಎರಡೇ ಎರಡು ಸೆಕೆಂಡು ಒತ್ತಿ ತೆಗೆದು, ಬಿಸಿನೀರಲ್ಲಿ ನೆನೆಹಾಕಿ, ಸುಟ್ಟ ಟೊಮ್ಯಾಟೊ, ಬೆಳ್ಳುಳ್ಳಿ ಜೊತೆ ಅರೆದರು. ಆ ಸಾಲ್ಸಾ ಬಣ್ಣ ನೋಡಿ ಪಕ್ಕದ ಟೇಬಲಿನವರೂ ಕೇಳಿ ಹಾಕಿಸಿಕೊಂಡರು. ನನಗೆ ಆದ ಖುಷಿಯನ್ನು ಇಲ್ಲಿ ಬರೆದು ತಿಳಿಸಲು ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಐದಕ್ಕೆ ಐದು ಸ್ಟಾರ್ ಕೊಡುತ್ತಿಲ್ಲ.

ಕಳೆದ ಚಳಿಗಾಲದಿಂದ ಸಂಜೆ ಹೊತ್ತು ಪ್ಯಾಕೆಟ್ ಟೋರ್ಟಿಯಾ ಕೊಡುತ್ತಿದ್ದಾರೆ. ಆಫೀಸ್ ಮುಗಿಸಿ ಒಂದು ಗುರುವಾರ ಹೋಗಿದ್ದೆವು. ಬುಟ್ಟಿಯ ಬಟ್ಟೆ ತೆಗೆದ ಕೂಡಲೇ ಗೊತ್ತಾಯಿತು. ಎಲ್ಲವೂ ಒಂದೇ ಅಳತೆ, ಅಂಚು ಕತ್ತರಿಸಿದ ಹಾಗೆ ನೆಟ್ಟಗೆ, ಮೇಲೆ ಚುಕ್ಕೆಗಳೇ ಇಲ್ಲ. ಮಡಚಿದರೆ ಬೆನ್ನು ಬಿರಿಯಿತು. ರುಚಿಯಲ್ಲಿ ಜೋಳ ಎಲ್ಲೋ ದೂರದಲ್ಲಿ. ಮಗಳು ಅರ್ಧ ತಿಂದು ಬಿಟ್ಟಳು. ಗೋಡೆಯ ಮೇಲೆ ಮಾತ್ರ "ಕೈಯಿಂದ ಮಾಡಿದ ಟೋರ್ಟಿಯಾ" ಅನ್ನುವ ಬೋರ್ಡ್ ಹಾಗೇ ಇತ್ತು, ಬೆಲೆಯೂ ಹಾಗೇ ಇತ್ತು. ನನಗೆ ಸಿಟ್ಟು ಬಂದದ್ದು ಇದಕ್ಕೇ. ಪ್ಯಾಕೆಟ್ ಕೊಡುವುದು ತಪ್ಪಲ್ಲ, ಹೇಳದೇ ಕೊಡುವುದು ತಪ್ಪು.

ಬಿಲ್ ಕೊಡುವಾಗ ಮಗನನ್ನು ಕೇಳಿದೆ. ಅವನು ತಡವರಿಸಲಿಲ್ಲ. ಅಮ್ಮನಿಗೆ ಮಣಿಕಟ್ಟು ನೋವು, ಡಾಕ್ಟರು ಮಧ್ಯಾಹ್ನದ ಮೇಲೆ ಒತ್ತುಮಣೆ ಮುಟ್ಟಬೇಡಿ ಅಂದಿದ್ದಾರೆ. ಹೆಂಡತಿ ಸಂಜೆ ಬೇರೆ ಕಡೆ ಕೆಲಸಕ್ಕೆ ಹೋಗುತ್ತಾಳೆ. ಹೊರಗಿನವರನ್ನು ಇಟ್ಟುಕೊಂಡರೆ ಬಾಡಿಗೆ ಕಟ್ಟಲು ಆಗುವುದಿಲ್ಲ. ಮಾಸಾ ಬೆಳಗ್ಗೆ ರುಬ್ಬಿದ್ದು, ಸಂಜೆ ತನಕ ಇಟ್ಟರೆ ಹುಳಿ ತಿರುಗುತ್ತದೆ. ಇದರಲ್ಲಿ ಒಂದೂ ಸುಳ್ಳಲ್ಲ, ನನಗೂ ಅರ್ಥವಾಗುತ್ತದೆ. ನಮ್ಮ ಅವ್ವನಿಗೂ ರೊಟ್ಟಿ ಬಡಿದೂ ಬಡಿದೂ ಭುಜ ಹೋಗಿದೆ, ಆ ನೋವು ನೋಡಿದವಳು ನಾನು. ಆದರೆ ಬೋರ್ಡಿನ ಕೆಳಗೆ "ಮಧ್ಯಾಹ್ನ 2ರ ತನಕ" ಅಂತ ಒಂದು ಸಾಲು ಬರೆಯಲು ಏನು ಕಷ್ಟ? ಅದನ್ನೂ ಹೇಳಿದೆ. ಬರೆಯುತ್ತೇನೆ ಅಂದ. ಇನ್ನೂ ಬರೆದಿಲ್ಲ. ಹೋದಾಗಲೆಲ್ಲ ಆ ಬೋರ್ಡ್ ಕಡೆ ಕಣ್ಣು ಹೋಗುತ್ತದೆ, ಹೋದಾಗಲೆಲ್ಲ ನೆನಪಿಸುತ್ತೇನೆ, ಇನ್ನು ಮುಂದೆಯೂ ನೆನಪಿಸುತ್ತೇನೆ. ಒಳ್ಳೆಯ ಕೆಲಸ ಮಾಡುವವರು ಆ ಕೆಲಸದ ಹೆಸರನ್ನು ಹೀಗೆ ಸಡಿಲ ಬಿಡಬಾರದು ಅಲ್ವಾ.

ಡೆಲಿವರಿ ಆ್ಯಪ್‌ನಲ್ಲೂ ಸಿಗುತ್ತದೆ, ಆದರೆ ತರಿಸಬೇಡಿ. ಬೆಲೆ ಜಾಸ್ತಿ, ಆ್ಯಪಿನವರ ಪಾಲು ಬೇರೆ ಹೋಗುತ್ತದೆ, ಮನೆಗೆ ಬರುವಷ್ಟರಲ್ಲಿ ಫಾಯಿಲ್ ಒಳಗೆ ಬೆವತು ಟೋರ್ಟಿಯಾ ಮುದ್ದೆಯಾಗಿರುತ್ತದೆ. ಪಾರ್ಸೆಲ್ ಬೇಕೇ ಬೇಕು ಅಂದರೆ ಮನೆಯಿಂದ ಒಂದು ದಪ್ಪ ಹತ್ತಿ ಬಟ್ಟೆ ಒಯ್ಯಿರಿ, ಬಿಸಿಬಿಸಿಯಾಗಿ ಅದರಲ್ಲಿ ಸುತ್ತಿಕೊಡುತ್ತಾರೆ, ಒಂದು ಗಂಟೆ ಮೆತ್ತಗಿರುತ್ತದೆ. ನಾನು ಅಡುಗೆಗೆ ಮಾಸಾ ಕೂಡ ತರುತ್ತೇನೆ, ಬೆಳಗ್ಗೆ ಬೇಗ ಹೋಗಿ ಕೇಳಿದರೆ ಪೌಂಡ್ ಲೆಕ್ಕದಲ್ಲಿ ಕೊಡುತ್ತಾರೆ. ಅದನ್ನು ಅವತ್ತೇ ಮುಗಿಸಬೇಕು, ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನ ಹಂಚಿನ ಮೇಲೆ ಉಬ್ಬುವುದಿಲ್ಲ.

ದುಡ್ಡಿನ ಲೆಕ್ಕ ನಮ್ಮ ಮನೆಗೆ ಮುಖ್ಯ. ಇಬ್ಬರು ದೊಡ್ಡವರು, ಒಂದು ಮಗು, ಹೊಟ್ಟೆ ತುಂಬ ತಿಂದು ಟಿಪ್ ಸೇರಿ 45 ಡಾಲರ್ ಆಸುಪಾಸು ಆಗುತ್ತದೆ. ಎಲ್ ಕಮಿನೊ ಮೇಲೆ ಮಸಾಲೆ ದೋಸೆಗೆ ಕೂತರೆ ಇದಕ್ಕಿಂತ ಜಾಸ್ತಿಯೇ ಬೀಳುತ್ತದೆ. ಈ ವರ್ಷ ಮೆಮೆಲಾಗೆ ಒಂದು ಡಾಲರ್ ಏರಿಸಿದ್ದಾರೆ, ಬೆಳಗಿನ ಟೋರ್ಟಿಯಾಗೆ ಅದು ದುಬಾರಿಯಲ್ಲ. ಸಂಜೆಯದಕ್ಕೆ ಆ ಬೆಲೆ ಕೊಡಲು ನನಗೆ ಮನಸ್ಸಿಲ್ಲ.

ಬೆಳಗ್ಗೆಗೆ ಐದು ಸ್ಟಾರ್, ಸಂಜೆಗೆ ಎರಡೂವರೆ. ಮಂಗಳವಾರ ರಜೆ. ಹತ್ತು ಡಾಲರ್ ಒಳಗಿನ ಬಿಲ್‌ಗೆ ಕಾರ್ಡ್ ತಗೊಳ್ಳುವುದಿಲ್ಲ, ನಗದು ಇಟ್ಟುಕೊಳ್ಳಿ. ಗಾಡಿಯನ್ನು ಲಾಂಡ್ರೊಮ್ಯಾಟ್ ಮುಂದೆ ನಿಲ್ಲಿಸಬೇಡಿ, ಟೋ ಮಾಡುತ್ತಾರೆ, ಹಿಂದಿನ ರಸ್ತೆಯಲ್ಲಿ ಜಾಗ ಇರುತ್ತದೆ. ಬೀನ್ಸ್ ಹೇಳುವಾಗ ಎಣ್ಣೆಯ ಪಾತ್ರೆಯದು ಅಂತ ಎರಡು ಸಲ ಹೇಳಿ, ರಶ್ ಇದ್ದಾಗ ಸೌಟು ಅದಲುಬದಲಾಗುತ್ತದೆ.